ಹೊಸ್ತಿಲಲ್ಲಿ ಮೂರು ಸಲ ಕೇಳುವವಳು

ಎರ್ಕಾಸ್ ಆಗ್ನೆತಾ ಮನೆಗೆ ಬಂದಳೆಂದರೆ ಓರ್ಮ್‌ಸೋ ದ್ವೀಪದ ಮುದುಕರಿಗೆ ಎದೆ ಧಸಕ್ಕೆನ್ನುತ್ತಿತ್ತು. ಪಾಪ, ಅವಳು ಒಂದು ಹಿಡಿ ಉಪ್ಪು ಕೇಳಲು ಬಂದಿರುತ್ತಿದ್ದಳು. ಆದರೂ ಕೆಮ್ಮುತ್ತಿದ್ದವರು ಕೆಮ್ಮು ನುಂಗಿಕೊಂಡು ನೆಟ್ಟಗೆ ಕೂರುತ್ತಿದ್ದರು.

"ನಂಗಿನ್ನೂ ಟೈಮಿದೆ ಕಣಮ್ಮಾ, ಆಮೇಲೆ ಬಾ" ಎಂದು ಕುಲ್ಲಾಸ್ ತೋಮಸ್ ಬೇಲಿಯಾಚೆಯಿಂದಲೇ ಕೂಗುತ್ತಿದ್ದ.

"ಅವಸರ ಏನಿಲ್ಲ ತೋಮಸಣ್ಣ, ಅಳತೆ ತಗೊಂಡು ಹೋಗೋಣ ಅಂತ ಬಂದೆ" ಎಂದು ಅವಳೂ ಕೂಗುತ್ತಿದ್ದಳು.

ತಮಾಷೆ ತಮಾಷೆಯೇ, ಆದರೆ ಅವಳನ್ನು ನಾಮಕರಣಕ್ಕೆ ಕರೆಯಲು ಜನ ಹಿಂದೆಮುಂದೆ ನೋಡುತ್ತಿದ್ದದ್ದೂ ನಿಜವೇ. ಎರ್ಕಾಸ್ ಎನ್ನುವುದು ಅವಳ ಮನೆಯ ಹೆಸರು. ನಮ್ಮಲ್ಲಿ ಮನೆಯ ಹೆಸರು ಮೊದಲು, ಮನುಷ್ಯರ ಹೆಸರು ಆಮೇಲೆ. ಮದುವೆಯಾಗಿ ಬಂದವರೂ ಅದೇ ಹೆಸರನ್ನು ಹೊತ್ತು, ಅದೇ ಹೆಸರಿನಲ್ಲಿ ಮಣ್ಣಾಗಬೇಕು. ಆಗ್ನೆತಾಳ ಕೆಲಸ ಆ ಕೊನೆಯ ಹೆಜ್ಜೆಯದು. ಅವಳು ಸತ್ತವರನ್ನು ಹಾಡಿ ಕಳಿಸುವವಳು.

ಮಣ್ಣಿನ ದಿನ ಬೆಳಿಗ್ಗೆ ಶವಪೆಟ್ಟಿಗೆಯನ್ನು ತಂದು ಹೊಸ್ತಿಲ ಮೇಲೆ ಇಳಿಸುತ್ತಾರೆ, ಅರ್ಧ ಒಳಗೆ, ಅರ್ಧ ಹೊರಗೆ. ಬೇರೆ ಮನೆಯ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತು ಬೀಳ್ಕೊಡುವ ಕೀರ್ತನೆ ಹಾಡುತ್ತಾಳೆ. ಹಾಡು ಮುಗಿದ ಮೇಲೆ ಸತ್ತವರ ಪರವಾಗಿ ಕೇಳುತ್ತಾಳೆ: "ಈ ಮನೆಗೆ ನನ್ನ ಮೇಲೆ ಏನಾದರೂ ಇದೆಯೆ?" ಮನೆಯವರು "ಏನೂ ಇಲ್ಲ" ಎನ್ನಬೇಕು. ಹೀಗೆ ಮೂರು ಸಲ ಕೇಳಿ ಮೂರು ಸಲ ಹೇಳಿಸಿಕೊಂಡ ಮೇಲೆಯೇ ಪೆಟ್ಟಿಗೆ ಹೊಸ್ತಿಲು ದಾಟುವುದು. ಇದು ಬಾಯಿಮಾತಿನ ಶಾಸ್ತ್ರ ಎಂದುಕೊಂಡರೆ ಕೆಟ್ಟಿರಿ. ಉತ್ತರದ ಊರೊಂದರಲ್ಲಿ ಸೊಸೆಯೊಬ್ಬಳು ಅತ್ತೆಯ ಪೆಟ್ಟಿಗೆಯ ಮುಂದೆ "ಇದೆ" ಎಂದುಬಿಟ್ಟಳು. ಒಂದು ತಾಮ್ರದ ಹಂಡೆಯ ವಿಷಯ. ಜಗಳ ತೀರುವವರೆಗೆ ಅತ್ತೆ ಅರ್ಧ ಹಗಲು ಬಾಗಿಲಲ್ಲೇ ಇದ್ದಳು, ಜನ ಅವಳನ್ನು ದಾಟಿಕೊಂಡೇ ಒಳಗೆ ಹೊರಗೆ ಓಡಾಡಿದರು. ಪಾದ್ರಿಗಳಿಗೆ ಈ ಪದ್ಧತಿ ಕಂಡರಾಗುತ್ತಿರಲಿಲ್ಲ. ಕ್ಷಮಿಸುವುದು ದೇವರ ಕೆಲಸ ಎನ್ನುತ್ತಿದ್ದರು. ಇರಬಹುದು, ಆದರೆ ಜೊತೆಯಲ್ಲಿ ಉಂಡವರು ಮನೆಯವರಲ್ಲವೆ?

ಆಗ್ನೆತಾಳಿಗೆ ಹಾಡು ಸೋದರತ್ತೆಯಿಂದ ಬಂತು. ಅತ್ತೆ ತೀರಿಕೊಂಡ ಚಳಿಗಾಲದಲ್ಲಿ ಅವಳಿಗೆ ಇಪ್ಪತ್ನಾಲ್ಕು ವರ್ಷ. ಅಷ್ಟು ಚಿಕ್ಕವರು ಹಿಂದೆ ಯಾರೂ ಹಾಡಿರಲಿಲ್ಲ. ಮೊದಮೊದಲು ಜನ ಮೂಗು ಮುರಿದರು. ಅವಳ ಗಂಟಲು ಕೇಳಿದ ಮೇಲೆ ಸುಮ್ಮನಾದರು. ಅವಳಿಗೂ ಅದರಿಂದ ಸ್ವಲ್ಪ ಕೋಡು ಮೂಡಿತ್ತು, ಮುಚ್ಚಿಟ್ಟು ಏನು ಪ್ರಯೋಜನ. ತಾನಿಲ್ಲದೆ ಯಾರೂ ಸಾಯುವಂತಿಲ್ಲ ಎನ್ನುವ ಕೋಡು.

ಆ ಮುಂದಿನ ಸೆಪ್ಟೆಂಬರಿನಲ್ಲಿ ಊರಿಗೆ ಊರೇ ಎದ್ದು ಹೊರಟಿತು. ಎರಡನೆಯ ಮಹಾಯುದ್ಧ ಪೂರ್ವದಿಂದ ಮತ್ತೆ ನುಗ್ಗಿ ಬರುತ್ತಿತ್ತು. ಆರೇಳು ನೂರು ವರ್ಷ ಎಸ್ಟೋನಿಯಾದ ಈ ದಡದಲ್ಲಿ ಸ್ವೀಡಿಷ್ ಮಾತಾಡಿಕೊಂಡು, ಸಣ್ಣ ಮೀನಿಗೆ ಉಪ್ಪು ಹಾಕಿಕೊಂಡು, ಕಲ್ಲುನೆಲದಲ್ಲಿ ರೈ ಧಾನ್ಯ ಬೆಳೆದುಕೊಂಡು ಇದ್ದ ಜನ, ಅಜ್ಜಂದಿರ ಅಜ್ಜಂದಿರು ಬಿಟ್ಟು ಬಂದ ಆಚೆ ದಡಕ್ಕೆ ಗಂಟುಮೂಟೆ ಕಟ್ಟಿದರು. ಹಸುಗಳನ್ನು ಬಯಲಿಗೆ ಬಿಟ್ಟರು. ಹೆಂಗಸರು ಹೊರಡುವ ಮುಂಚೆ ಮನೆ ಗುಡಿಸಿ ಮೇಜು ಒರೆಸಿಟ್ಟರು. ಮುಂದೆ ಬರುವವರು ಯಾರಾದರೇನು, ಎರ್ಕಾಸ್ ಮನೆಯವರು ಕೊಳಕರು ಅನ್ನಬಾರದು ಎಂದು ಆಗ್ನೆತಾಳೂ ಒರೆಸಿದಳು.

ಮಂಗಳವಾರ ಮಧ್ಯಾಹ್ನ ದೋಣಿ. ಗಂಡ ಹಿಂಡ್ರಿಕ್ ಪೆಟಾರಿ ಹತ್ತಿಸಿ ಆಗಿತ್ತು. ಮಗಳು ವೆಂಡ್ಲಾಳಿಗೆ ಎರಡೂವರೆ ವರ್ಷ, ಕೈಯಲ್ಲಿ ಒಂದು ತುಂಡು ರೊಟ್ಟಿ ಹಿಡಿದುಕೊಂಡು ಅಪ್ಪನ ಹೆಗಲ ಮೇಲಿದ್ದಳು. ಆ ಹೊತ್ತಿಗೆ ಪಕ್ಕದ ಮನೆಯ ಮುದುಕ ಮಾಟ್ಸ್ ದಡಕ್ಕೆ ಬಂದು ನಿಂತ. ಅವನ ಹೆಂಡತಿ ಲೀಸಾ ವರ್ಷದಿಂದ ಹಾಸಿಗೆ ಹಿಡಿದಿದ್ದಳು, ಹಾಗಾಗಿ ಅವನು ಹೊರಟಿರಲಿಲ್ಲ. ಬಂದವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಆಗ್ನೆತಾಳ ಮುಂದೆ ನಿಂತ. 

"ಯಾವಾಗ?" ಎಂದಳು ಆಗ್ನೆತಾ.

"ಈಗ, ಬೆಳಿಗ್ಗೆ."

ಅವಳು ಗಂಡನ ಕಡೆ ತಿರುಗಿದಳು. ಗುರುವಾರ ಇನ್ನೊಂದು ದೋಣಿ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದರು. "ನೀನು ಮಗೂನ ಕರ್ಕೊಂಡು ನಡಿ. ಲೀಸಮ್ಮನ್ನ ಕಳಿಸಿ ನಾಡಿದ್ದು ಬರ್ತೀನಿ. ಮಾಟ್ಸನ್ನೂ ಕರ್ಕೊಂಡೇ ಬರ್ತೀನಿ."

"ತಲೆ ಕೆಟ್ಟಿದೆಯಾ ನಿಂಗೆ? ಸತ್ತೋರು ಕಾಯ್ತಾರೆ ಕಣೇ, ದೋಣಿ ಕಾಯಲ್ಲ."

"ಹಾಡಿಲ್ದೇ ಹೆಂಗೆ ಹೂಳೋದು? ನಾಯಿ ಹೂಳಿದ ಹಾಗಾ?"

"ಹೂಳ್ಲಿ! ಊರೇ ಹೋಗ್ತಿದೆ, ನೋಡೋರು ಯಾರು?"

ಆ ಮಾತು ಆಗ್ನೆತಾಳಿಗೆ ಸರಿಬರಲಿಲ್ಲ. ಮಗಳ ಕೆನ್ನೆಗೆ ಮುತ್ತು ಕೊಟ್ಟಳು, ಶಾಲು ಸರಿಮಾಡಿದಳು. ವೆಂಡ್ಲಾ ಅಳಲಿಲ್ಲ. ರೊಟ್ಟಿ ಕಚ್ಚುತ್ತಾ ಅವಳನ್ನೇ ನೋಡುತ್ತಿದ್ದಳು. ಬುಧವಾರ ಬೆಳಿಗ್ಗೆ ಖಾಲಿ ಊರಿನ ಮಧ್ಯೆ, ಕಟ್ಟುವವರಿಲ್ಲದ ಹಸುಗಳು ಅಂಗಳದಲ್ಲಿ ನಿಂತು ನೋಡುತ್ತಿರುವಾಗ, ಆಗ್ನೆತಾ ಲೀಸಾಳನ್ನು ಹಾಡಿ ಕಳಿಸಿದಳು. ಅಷ್ಟು ಚೆನ್ನಾಗಿ ಅವಳು ಮುಂದೆಂದೂ ಹಾಡಲಿಲ್ಲವಂತೆ. ಗುರುವಾರ ಅವಳೂ ಮಾಟ್ಸೂ ದಡದಲ್ಲಿ ಸಂಜೆಯವರೆಗೆ ಕೂತರು. ಶುಕ್ರವಾರವೂ ಕೂತರು. ಮುಂದಿನ ವಾರ ಬಂದದ್ದು ರಷ್ಯನ್ ಸೈನಿಕರು.

ಇಂಥ ತಪ್ಪು ನಮ್ಮವರು ಮಾತ್ರ ಮಾಡುತ್ತಾರೆ. ಬೇರೆಯವರಿಗೆ ಹೇಳಿದರೆ ನಗುತ್ತಾರೆ, ಇಲ್ಲವೆ ಬೈಯುತ್ತಾರೆ. ಆಗ್ನೆತಾ ತನಗೆ ತಾನೇ ಎರಡನ್ನೂ ಮಾಡಿಕೊಂಡಳು.

ಆಮೇಲಿನ ವರ್ಷಗಳನ್ನು ಹೇಳುವುದು ಸುಲಭ, ಕಳೆಯುವುದು ಸುಲಭವಿರಲಿಲ್ಲ. ದ್ವೀಪ ಗಡಿಪ್ರದೇಶವಾಯಿತು. ಪರವಾನಗಿ ಚೀಟಿಯಿಲ್ಲದೆ ಯಾರೂ ಬರುವಂತಿಲ್ಲ, ದಡದ ಮರಳಿನಲ್ಲಿ ಹೆಜ್ಜೆ ಗುರುತು ಕಂಡರೆ ವಿಚಾರಣೆ. ಇಗರ್ಜಿಯಲ್ಲಿ ಗೊಬ್ಬರದ ಮೂಟೆ ಪೇರಿಸಿದರು. ಆಗ್ನೆತಾ ಸಾಮೂಹಿಕ ಬೇಸಾಯದ ಕೊಟ್ಟಿಗೆಯಲ್ಲಿ ಹಾಲು ಕರೆದಳು, ಎಸ್ಟೋನಿಯನ್ ಮಾತನ್ನು ಚೆನ್ನಾಗಿ ಕಲಿತಳು, ರಷ್ಯನ್ ಮಾತನ್ನು ಬೇಕಾದಷ್ಟೇ ಕಲಿತಳು. ಹತ್ತು ವರ್ಷವಾದ ಮೇಲೆ ಮೊದಲ ಕಾಗದ ಬಂತು. ಹಿಂಡ್ರಿಕ್ ಬೇರೆ ಮದುವೆಯಾಗಿದ್ದ. ಮಗು ಚೆನ್ನಾಗಿದೆ, ಶಾಲೆಗೆ ಹೋಗುತ್ತದೆ ಎಂದು ಬರೆದಿದ್ದ. ಅವಳು ಕಾಗದ ಮಡಿಸಿ ಬೈಬಲಿನೊಳಗಿಟ್ಟು ಹಾಲು ಕರೆಯಲು ಹೋದಳು. ಆ ದಿನ ಹಸುವೊಂದರ ಹೊಟ್ಟೆಗೆ ಹಣೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳೆಂದು ಜೊತೆಯವರು ಹೇಳುತ್ತಿದ್ದರು.

ಉಳಿದುಕೊಂಡಿದ್ದ ನಮ್ಮವರು ದ್ವೀಪದಲ್ಲೆಲ್ಲ ಸೇರಿ ಬೆರಳೆಣಿಕೆಯಷ್ಟು. ಒಬ್ಬೊಬ್ಬರೇ ಹೊರಟರು, ಅವಳು ಒಬ್ಬೊಬ್ಬರನ್ನೇ ಹಾಡಿ ಕಳಿಸಿದಳು, ಬೆಳಕು ಹರಿಯುವ ಮುಂಚೆ, ಗಂಟಲು ತಗ್ಗಿಸಿ. ಮಾಟ್ಸ್ ಹೋದ. ಅವನ ಮನೆಗೆ ಒಳನಾಡಿನಿಂದ ಹೆಲ್ಯು ಎಂಬ ಎಸ್ಟೋನಿಯನ್ ಹೆಂಗಸನ್ನೂ ಅವಳ ಗಂಡ ಎಂಡೆಲ್‌ನನ್ನೂ ಸರ್ಕಾರದವರು ತಂದು ಕೂರಿಸಿದರು. ಲೀಸಾಳ ಒಲೆಯಲ್ಲಿ ಯಾರೋ ಬೆಂಕಿ ಹಚ್ಚಿದ್ದನ್ನು ಕಂಡು ಆಗ್ನೆತಾ ಒಂದೂವರೆ ವರ್ಷ ಆ ಕಡೆ ಮುಖ ಹಾಕಲಿಲ್ಲ. ಆಮೇಲೆ ಹೆಲ್ಯುವಿನ ಮೇಕೆ ಬೇಲಿ ಹಾರಿ ಎಲೆಕೋಸು ತಿಂದಿತು, ಬೈಯುವುದಕ್ಕಾದರೂ ಮಾತಾಡಬೇಕಾಯಿತು. ಅಲ್ಲಿಂದ ಶುರುವಾದ ಮಾತು ನಿಲ್ಲಲಿಲ್ಲ, ಜಗಳವೂ ನಿಲ್ಲಲಿಲ್ಲ.

ಕೊನೆಗೆ ಉಳಿದವನು ಕುಲ್ಲಾಸ್ ತೋಮಸ್. ಅವನೂ ಒಂದು ಏಪ್ರಿಲ್‌ನಲ್ಲಿ ತಮಾಷೆ ನಿಲ್ಲಿಸಿದ. ಅವನ ಎಸ್ಟೋನಿಯನ್ ಹೆಂಡತಿ ಅಳುತ್ತಾ ಮೂರು ಸಲ "ಏನೂ ಇಲ್ಲ" ಎಂದಳು. ಮಣ್ಣು ಮುಗಿಸಿ, ವೃತ್ತದೊಳಗೆ ಶಿಲುಬೆ ಕೆತ್ತಿದ ಹಳೆಯ ಸಮಾಧಿಕಲ್ಲುಗಳ ನಡುವಿನಿಂದ ಮನೆಗೆ ಬರುವಾಗ ಆಗ್ನೆತಾಳಿಗೆ ಒಂದು ಯೋಚನೆ ಬಂತು, ಬಂದದ್ದು ಮತ್ತೆ ಹೋಗಲಿಲ್ಲ. ತನ್ನನ್ನು ಯಾರು ಕಳಿಸುತ್ತಾರೆ?

ಹಾಡಿನ ಚಿಂತೆ ಅಷ್ಟಿರಲಿಲ್ಲ. ತೋಮಸ್ ಸಾಯುವುದಕ್ಕೆ ಕೆಲವು ವರ್ಷ ಹಿಂದೆ ಟಾರ್ಟುವಿನ ವಿಶ್ವವಿದ್ಯಾಲಯದಿಂದ ಒಬ್ಬಳು ಹುಡುಗಿ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದು, ಹಳೆಯ ಹಾಡು ಹುಡುಕುತ್ತಿದ್ದೇನೆಂದು ಹೇಳಿ, ಆಗ್ನೆತಾಳ ಕೀರ್ತನೆಯನ್ನು ಪೂರ್ತಿ ಹಿಡಿದುಕೊಂಡಿದ್ದಳು. ಮಾತು ಉಳಿಸಿಕೊಂಡು ಒಂದು ಪ್ರತಿಯನ್ನೂ ಕಳಿಸಿದ್ದಳು. "ನನ್ನನ್ನ ನಾನೇ ಹಾಡಿ ಕಳಿಸ್ಕೊಳ್ತೀನಿ, ಡಬ್ಬೀಲಿದೀನಿ" ಎಂದು ಆಗ್ನೆತಾ ಹೆಲ್ಯುವಿಗೆ ಹೇಳುತ್ತಿದ್ದಳು. ಪ್ರಶ್ನೆಯೂ ಆ ಟೇಪಿನಲ್ಲಿತ್ತು, ಮೂರು ಸಲವೂ ಇತ್ತು. ಆ ಹುಡುಗಿ, "ಅಜ್ಜೀ, ಮನೆಯವರ ಉತ್ತರಾನೂ ನೀವೇ ಹೇಳಿಬಿಡಿ, ಪೂರ್ತಿಯಾಗತ್ತೆ" ಎಂದು ಕೇಳಿದ್ದಳು.

"ಅದು ನನ್ನದಲ್ಲಮ್ಮ. ಮನೆಯವರದ್ದು."

ಮನೆಯವರು ಎಂದರೆ ಈಗ ವೆಂಡ್ಲಾ ಒಬ್ಬಳೇ. ಹಿಂಡ್ರಿಕ್ ಆಚೆ ದಡದಲ್ಲೇ ತೀರಿಕೊಂಡಿದ್ದ. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ವೆಂಡ್ಲಾಳ ಕಾರ್ಡು ಬರುತ್ತಿತ್ತು, ಅಚ್ಚಾದ ಶುಭಾಶಯದ ಕೆಳಗೆ ಸಹಿ. ಆ ಸಹಿಯ ಹಿಂದೆ ಎಷ್ಟು ಸಿಟ್ಟು ಅವಿತಿದೆಯೋ ಎಂದು ಆಗ್ನೆತಾ ನಡುಗುತ್ತಿದ್ದಳು. ಹೆತ್ತ ಮಗಳನ್ನು ಬಿಟ್ಟು ಪಕ್ಕದ ಮನೆಯ ಹೆಣದ ಹತ್ತಿರ ನಿಂತವಳಿಗೆ ಯಾವ ಮಗಳು "ಏನೂ ಇಲ್ಲ" ಎಂದಾಳು? ಅವಳು ಬೈದರೆ ಏನು ಹೇಳಬೇಕೆಂದು ಆಗ್ನೆತಾ ನಲವತ್ತೈದು ವರ್ಷ ಅಭ್ಯಾಸ ಮಾಡಿಕೊಂಡಿದ್ದಳು. ಗುರುವಾರದ ದೋಣಿಯ ಮಾತು, ಲೀಸಮ್ಮ ಚಿಕ್ಕಂದಿನಲ್ಲಿ ತನಗೆ ಊಟ ಹಾಕಿದ್ದು, ತನ್ನ ಕೋಡು, ಅದೂ ಸೇರಿ. ಹಾಲು ಕರೆಯುತ್ತಾ ಹಸುಗಳಿಗೆ ಹೇಳಿ ಹೇಳಿ ಎಲ್ಲ ಬಾಯಿಪಾಠವಾಗಿತ್ತು. ಕೊನೆಯಲ್ಲಿ ಬರುತ್ತಿದ್ದದ್ದು ಮಾತ್ರ ಒಂದೇ: ತಪ್ಪಾಯ್ತು ಮಗಳೇ.

ಕಾಲ ಸಡಿಲವಾಯಿತು. ಆಚೆ ದಡಕ್ಕೆ ಹೋದವರು ಹುಟ್ಟಿದ ನೆಲ ನೋಡಲು ಬರಬಹುದು ಎಂದರು. ನಮ್ಮ ಇಗರ್ಜಿಯ ಸಂತ ಊಲೊಫ್‌ನ ಹಬ್ಬಕ್ಕೆ ಒಂದು ಹಡಗಿನ ತುಂಬಾ ಜನ ಬರುತ್ತಾರೆ, ಅವರಲ್ಲಿ ವೆಂಡ್ಲಾಳೂ ಇದ್ದಾಳೆ ಎಂದು ಕಾಗದ ಬಂತು. ಆಗ್ನೆತಾ ಮನೆಗೆ ಸುಣ್ಣ ಬಳಿದಳು. ಸೋದರತ್ತೆಯ ಪೆಟಾರಿಯಿಂದ ಕಪ್ಪು ನೆರಿಗೆ ಲಂಗ, ಕೆಂಪು ಕಾಲುಚೀಲ ತೆಗೆದು ಬಿಸಿಲಿಗೆ ಹಾಕಿದಳು.

"ಮದುಮಗಳು ಎಲ್ಲಿಗೆ ಹೊರಟಿದ್ದು?" ಎಂದು ಹಬ್ಬದ ಬೆಳಿಗ್ಗೆ ಹೆಲ್ಯು ಬೇಲಿಯ ಮೇಲೆ ಮೊಣಕೈ ಊರಿ ಕೇಳಿದಳು.

"ನಿನ್ನ ಮೇಕೆ ಕಟ್ಟಿಹಾಕು ಇವತ್ತೊಂದಿನ. ಮರ್ಯಾದೆ ಕಳೀಬೇಡ."

"ಮೇಕೆ ಸತ್ತು ಎಂಟು ವರ್ಷ ಆಯ್ತು ಕಣೇ."

"ಮತ್ತೆ ಎಲೆಕೋಸು ತಿಂದಿದ್ಯಾರು, ನೀನಾ?"

ಬಸ್ಸು ಹನ್ನೊಂದಕ್ಕೆ ಬಂತು. ಬಿಳಿ ಬೂಟು ಹಾಕಿಕೊಂಡ, ಕತ್ತಿನಲ್ಲಿ ಕ್ಯಾಮೆರಾ ತೂಗಿಕೊಂಡ ನಲವತ್ತೇಳರ ಹೆಂಗಸು ಇಳಿದು, ನಗುತ್ತಾ ಕೈ ಚಾಚಿದಳು. ಹಿಂಡ್ರಿಕ್‌ನ ಹಣೆ, ಹಿಂಡ್ರಿಕ್‌ನ ಗದ್ದ. ಆಗ್ನೆತಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮುಂದೆ ಬಂದಳು.

"ಆಗ್ನೆತಾ! ಎಷ್ಟು ಚೆನ್ನಾಗಿದೆ ಇಲ್ಲಿ!" ಎಂದಳು ವೆಂಡ್ಲಾ. ಚೀಲದಿಂದ ಪೊಟ್ಟಣ ತೆಗೆದಳು. "ಅಮ್ಮ ಈ ಕಾಫಿಪುಡಿ ಕಳಿಸಿದ್ದಾಳೆ. ನಿಮಗೆ ಇಲ್ಲಿ ಒಳ್ಳೇದು ಸಿಗಲ್ಲ ಅಂತ ಅವಳಿಗೆ ಯಾವಾಗ್ಲೂ ಚಿಂತೆ."

ಅಮ್ಮ. ಆಗ್ನೆತಾ ಪೊಟ್ಟಣ ತೆಗೆದುಕೊಂಡು ಎದೆಗೆ ಹಿಡಿದುಕೊಂಡಳು. ಆ ಹೆಂಗಸು ಒಳ್ಳೆಯವಳೇ ಇರಬೇಕು, ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

ವೆಂಡ್ಲಾ ಮನೆಯೆಲ್ಲ ಸುತ್ತಿದಳು. ಕಿಟಕಿ, ಒಲೆ, ಬಾಗಿಲಿನ ಕಬ್ಬಿಣದ ಅಗುಳಿ ಎಲ್ಲದರ ಫೋಟೋ ತೆಗೆದಳು. ಆಲೂಗಡ್ಡೆ, ಉಪ್ಪುಮೀನು, ಹುಳಿಹಾಲು ತಿಂದು ಹೊಗಳಿದಳು. ಇಬ್ಬರು ಗಂಡುಮಕ್ಕಳ ಫೋಟೋ ತೋರಿಸಿದಳು, ತಾನು ಕೆಲಸ ಮಾಡುವ ಪುಸ್ತಕಾಲಯದ ಕಥೆ ಹೇಳಿದಳು. ನಮ್ಮ ದ್ವೀಪದ ಮಾತು ಅವಳಿಗೆ ಅರ್ಧವೇ ತಿಳಿಯುತ್ತಿತ್ತು, ಆದರೂ ತಲೆಯಾಡಿಸುತ್ತಿದ್ದಳು. ಬೇಸರದ ಒಂದು ಗೆರೆಯೂ ಆ ಮುಖದಲ್ಲಿ ಕಾಣಲಿಲ್ಲ. ಬಚ್ಚಿಟ್ಟುಕೊಂಡಿದ್ದಾಳೆ, ಒಳ್ಳೆಯ ಮನೆಯಲ್ಲಿ ಬೆಳೆದವಳು ಎಂದುಕೊಂಡಳು ಆಗ್ನೆತಾ. ಗಡಿಯಾರ ನಾಲ್ಕರ ಹತ್ತಿರ ಬಂದಾಗ ಇನ್ನು ತಡೆಯಲಾರದೆ ಅವಳನ್ನು ಹೊಸ್ತಿಲ ಹತ್ತಿರ ಕರೆದು ನಿಲ್ಲಿಸಿದಳು. ಪದ್ಧತಿಯನ್ನು ಹೇಳಿದಳು, ತಿಳಿಯದ ಕಡೆ ಮತ್ತೆ ಹೇಳಿದಳು. ಟೇಪಿನ ವಿಷಯವನ್ನೂ ಹೇಳಿದಳು.

"ನಾನು ಸತ್ತಾಗ ನೀನು ಬರೋಕಾಗುತ್ತೋ ಇಲ್ವೋ. ಅದಕ್ಕೆ ಈಗ್ಲೇ ಕೇಳ್ತೀನಿ. ನಿಜ ಹೇಳು ಮಗಳೇ, ನನಗೋಸ್ಕರ ಮುಚ್ಚಿಡಬೇಡ. ಈ ಮನೆಗೆ ನನ್ನ ಮೇಲೆ ಏನಾದ್ರೂ ಇದೆಯಾ?"

ಹೇಳಿ ಕಣ್ಣು ಮುಚ್ಚಿಕೊಂಡಳು. ಬೀಳುವ ಏಟು ಬೀಳಲಿ ಎಂದು.

"ಅಯ್ಯೋ, ಏನೂ ಇಲ್ಲ!" ಎಂದಳು ವೆಂಡ್ಲಾ. ದನಿ ಮೃದುವಾಗಿತ್ತು. "ಏನಿರುತ್ತೆ ಆಗ್ನೆತಾ? ನಂಗೆ ಆಗ ಎರಡು ವರ್ಷ. ನನಗೊಂದೂ ನೆನಪಿಲ್ಲ."

"ದೋಣಿ? ನಿನ್ನ ಕೈಲಿ ರೊಟ್ಟಿ ಇತ್ತು."

"ಇಲ್ಲ. ನನ್ನ ಮೊದಲ ನೆನಪು ಅಂದ್ರೆ ಒಂದು ಹಳದಿ ಅಡುಗೆಮನೆ, ಅಮ್ಮ ಪ್ಯಾನ್‌ಕೇಕ್ ಮಗುಚಿ ಹಾಕ್ತಿದ್ದಳು."

ಆಗ್ನೆತಾ ಎರಡನೆಯ ಸಲ ಕೇಳಿದಳು. ವೆಂಡ್ಲಾ ಅವಳ ಕೈ ಹಿಡಿದು "ಏನೂ ಇಲ್ಲ" ಎಂದಳು. ಮೂರನೆಯ ಸಲ ಕೇಳುವಾಗ ಹೊರಗೆ ಬಸ್ಸಿನವನು ಹಾರ್ನ್ ಹೊಡೆದ. "ಏನೂ ಇಲ್ಲ, ಖಂಡಿತ ಏನೂ ಇಲ್ಲ" ಎಂದು ವೆಂಡ್ಲಾ ಗೇಟಿನ ಕಡೆ ನೋಡುತ್ತಾ ಹೇಳಿದಳು. ಅಪ್ಪಿಕೊಂಡಳು, ಒಳ್ಳೆಯ ಸೋಪಿನ ವಾಸನೆ ಬಂತು. ಕಿಟಕಿಯಿಂದ ಕೈ ಬೀಸಿದಳು. ಐದು ಗಂಟೆಯ ಹಡಗಿಗೆ ಹೋದಳು.

ಬೇಕಾದ ಮಾತು ಮೂರು ಸಲವೂ ಸಿಕ್ಕಿತ್ತು. ಆಗ್ನೆತಾ ಬೆಂಚಿನ ಮೇಲೆ ಕೂತಳು. ನಲವತ್ತೈದು ವರ್ಷ ಒಬ್ಬಳ ಸಿಟ್ಟನ್ನು ಜೊತೆಯಲ್ಲಿಟ್ಟುಕೊಂಡು ಬದುಕಿದ್ದಳು, ಅದರ ಎದುರು ಕೂತು ಉಂಡಿದ್ದಳು, ಅದಕ್ಕೆ ಉತ್ತರ ಕೊಟ್ಟಿದ್ದಳು. ಆ ಸಿಟ್ಟು ಇರಲೇ ಇಲ್ಲ. ಅಷ್ಟು ವರ್ಷವೂ ಅವಳು ಒಬ್ಬಳೇ ಇದ್ದಳು. ಇದಕ್ಕಿಂತ ಮಗಳು ಮುಖಕ್ಕೆ ಉಗಿದಿದ್ದರೆ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು. ಅಳು ಕೂಡ ಬರಲಿಲ್ಲ.

ಬಸ್ಸಿನ ಧೂಳು ಅಡಗುವ ಮುಂಚೆಯೇ ಹೆಲ್ಯು ಬಂದಳು. ತಡೆಯುವ ಜನವಲ್ಲ ಅದು.

"ಏನಂದ್ಲು?"

"ಏನೂ ಇಲ್ಲ ಅಂದ್ಲು. ಮೂರು ಸಲಾನೂ."

"ಮತ್ತೆ! ನಾನು ಹೇಳ್ಲಿಲ್ವಾ? ಸುಮ್ನೆ ಹೆದರಿ ಸಾಯ್ತಿದ್ದೆ. ಈಗ್ಯಾಕೆ ಹೀಗೆ ಕೂತಿದೀಯಾ?"

"ಒಳ್ಳೇ ಹುಡುಗಿ ಹೆಲ್ಯು. ತುಂಬಾ ಒಳ್ಳೇಳು." ಆಗ್ನೆತಾ ಲಂಗದ ನೆರಿಗೆ ಸವರಿದಳು. "ಆದ್ರೆ ಅವಳು ಈ ಮನೆಯವಳಲ್ಲ. ಮನೆಯವರಿಗೆ ಏನಾದ್ರೂ ಇದ್ದೇ ಇರುತ್ತೆ. ಇದ್ದೂ ಇಲ್ಲ ಅನ್ನಬೇಕು, ಆಗ್ಲೇ ಅದು ಉತ್ತರ."

ಹೆಲ್ಯು ಪಕ್ಕದಲ್ಲಿ ಕೂತಳು. 

"ನಿನಗಿದೆಯಾ?" ಎಂದಳು ಆಗ್ನೆತಾ ಇದ್ದಕ್ಕಿದ್ದಂತೆ.

"ಏನು?"

"ನನ್ನ ಮೇಲೆ."

"ಒಂದಾ, ಎರಡಾ!" ಹೆಲ್ಯುವಿಗೆ ಹುರುಪು ಬಂತು. "ಒಂದೂವರೆ ವರ್ಷ ನನ್ನ ಮುಖ ನೋಡ್ಲಿಲ್ಲ, ನಾನೇನೋ ಆ ಮುದುಕಿ ಲೀಸಾನ ಕೊಂದು ಮನೆ ಹಿಡಿದೋಳ ಹಾಗೆ. ನಾನು ಕೊಟ್ಟ ರೊಟ್ಟೀನ ಹಂದಿಗೆ ಹಾಕಿದ್ದೆ ನೀನು, ಕಂಡಿದೀನಿ. ಮೇಕೆ ಕಾಲಿಗೆ ಕಲ್ಲು ಹೊಡೆದೋಳು ಯಾರು? ಕೊಟ್ಟಿಗೇಲಿ ಎಲ್ಲರ ಮುಂದೆ..." ಎಂದವಳು ಅಲ್ಲಿಗೆ ನಿಲ್ಲಿಸಿದಳು. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು. "ಎಂಡೆಲ್ ಹೋದಾಗ ನಾನು ಬೇಲಿ ಹತ್ರ ಬಂದು ನಿಂತಿದ್ದೆ. ನಿಮ್ಮ ಹಾಡು ನಂಗೆ ಅರ್ಥ ಆಗಲ್ಲ, ಆದ್ರೆ ಬಾಗಿಲು ಸಂದೀಲಿ ಎಷ್ಟು ಸಲ ಕೇಳಿದ್ದೆ. ನನ್ನ ಗಂಡಂಗೂ ಒಂದು ಸಲ ಹಾಡ್ತಾಳೇನೋ ಅಂತ ನಿಂತಿದ್ದೆ. ಬಾಯಿ ಬಿಟ್ಟು ಕೇಳೋಕಾಗ್ಲಿಲ್ಲ. ನೀನು ಬಟ್ಟೆ ಹಿಂಡ್ತಿದ್ದೆ. ತಲೆ ಎತ್ಲಿಲ್ಲ."

"ನೋಡಿದ್ದೆ" ಎಂದಳು ಆಗ್ನೆತಾ.

"ಗೊತ್ತು, ನೋಡಿದ್ದೆ ಅಂತ."

"ನಮ್ಮೋರಲ್ಲ ಅಂದ್ಕೊಂಡೆ. ನಮ್ಮೋರಿಗೆ ಮಾತ್ರ ಹಾಡೋದು ಅಂದ್ಕೊಂಡೆ." ಅವಳಿಗೆ ಈಗ ಅಳು ಬಂತು, ಬಂದದ್ದು ನಿಲ್ಲಲಿಲ್ಲ. "ತಪ್ಪಾಯ್ತು ಹೆಲ್ಯು. ಈಗ ಬರ್ತೀಯಾ, ಸಮಾಧಿ ಹತ್ರ ಹೋಗಿ ಹಾಡ್ತೀನಿ."

"ಬೇಡ. ಅವನು ಹಾಡಿಲ್ದೇನೇ ಹೋದ, ಹೋಗಿಯಾಯ್ತು." ಹೆಲ್ಯು ಕೈಯಂಚಿನಿಂದ ಮೂಗು ಒರೆಸಿಕೊಂಡಳು. "ಅದು ನನ್ನ ಹತ್ರಾನೇ ಇರ್ಲಿ."

ಆಗ್ನೆತಾ ಕಣ್ಣೊರೆಸಿಕೊಂಡಳು. ಆಮೇಲೆ ಹೆದರುತ್ತಾ ಹೆದರುತ್ತಾ, "ಹಾಗಾದ್ರೆ ನನ್ನ ದಿನ ಈ ಹೊಸ್ತಿಲಲ್ಲಿ ನೀನೇ ನಿಂತ್ಕೋ. ಆ ಟೇಪು ಕೇಳಿದಾಗ ನೀನೇ ಏನಾದ್ರೂ ಹೇಳು" ಎಂದಳು.

"ನಿಂತ್ಕೊತೀನಿ" ಎಂದಳು ಹೆಲ್ಯು. "ಆದ್ರೆ ಮೊದಲ್ನೇ ಸಲ ಕೇಳಿದಾಗ ಬಾಯಿ ಬಿಡಲ್ಲ, ಈಗ್ಲೇ ಹೇಳಿರ್ತೀನಿ. ಎರಡನೇ ಸಲಾನೂ ಬಿಡಲ್ಲ."